ದಪ್ಪ ಗೆರೆ, ಸಣ್ಣ ಗೆರೆ: ಮಲೆನಾಡಿನ ಅಕ್ಷರಗಳ ಪಾಠ

ಪುಸ್ತಕದ ಹೆಸರಿಗೋ ಲಗ್ನಪತ್ರಿಕೆಗೋ ಸೊಗಸಾದ ಅಕ್ಷರ ಬೇಕೆಂದಾಗ, ಒಂದು ಗೆರೆ ತುಂಬುದಪ್ಪವಾಗಿ ಮತ್ತೊಂದು ಎಳೆಯಷ್ಟು ತೆಳುವಾಗಿರುವ ರೂಪವನ್ನು ಬಹಳ ಜನ ಮೆಚ್ಚುತ್ತಾರೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ದಿದೋ ಮನೆತನ ಮತ್ತು ಪಾರ್ಮಾದ ಬೊದೋನಿ ರೂಪಿಸಿದ ರೋಮನ್ ಅಚ್ಚುಗಳಿಂದ ಈ ಬೆಡಗು ಪ್ರಸಿದ್ಧವಾಯಿತು. ಹಾಗೆಂದು ಕನ್ನಡಕ್ಕೆ ಇದು ಪೂರ್ತಿ ಎರವಲು ಎನ್ನಲಾಗದು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಉಳಿದ ಬರಹಗಳೇ ಹೇಳುವಂತೆ, ಗೆರೆಯ ದಪ್ಪವನ್ನು ಮೊದಲು ನಿರ್ಧರಿಸುವುದು ಬರೆಯುವ ಸಾಧನ ಮತ್ತು ಬರೆಸಿಕೊಳ್ಳುವ ಮೈ.

ಪೂರ್ತಿ ಎರವಲಲ್ಲ ಎಂಬ ಈ ಮಾತಿಗೆ ಎದುರು ವಾದ ತಾಳೆಗರಿಯಿಂದಲೇ ಬರುತ್ತದೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿರುವ ತಿಗಳಾರಿ ಮತ್ತು ಕನ್ನಡ ಲಿಪಿಯ ಓಲೆಗಳಲ್ಲಿ ಕಬ್ಬಿಣದ ಕಂಟ ಕೊರೆದ ಗೆರೆ ಹೆಚ್ಚುಕಡಿಮೆ ಒಂದೇ ಸಮ. ಮಸಿ ತೀಡಿದ ಮೇಲೆಯೂ ದಪ್ಪ-ತೆಳುವಿನ ಭೇದ ಕಾಣುವುದಿಲ್ಲ. ನಮ್ಮ ಲಿಪಿಯ ಸಹಜಗುಣ ಇದೇ ಎಂದು ವಾದಿಸಬಹುದು. ಆದರೆ ಓಲೆ ಒಂದೇ ಸಾಕ್ಷಿಯಲ್ಲ. ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದ ಬಟ್ಟೆಯ ಕಡತದಲ್ಲಿ ಬಳಪದ ತುದಿ ಸವೆದಂತೆ ಗೆರೆ ಅಗಲವಾಗುತ್ತದೆ. ಕಲ್ಲಿನ ಮಾತೇ ಬೇರೆ. ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಬಸದಿಯ ಕಾಲದ ಶಾಸನಗಳು ಚೆಂದದ ಬರಹಕ್ಕೆ ಹೆಸರಾದ ಚಾಲುಕ್ಯ ಯುಗದವು. ಉಳಿ ಆಳಕ್ಕಿಳಿದಲ್ಲಿ ಗೆರೆ ಅಗಲವಾಗಿ, ಓರೆ ಬಿಸಿಲಲ್ಲಿ ಕಪ್ಪಾಗಿ ನಿಲ್ಲುತ್ತದೆ, ತೇಲಿಸಿದಲ್ಲಿ ತೆಳುವಾಗುತ್ತದೆ. ಕನ್ನಡ ಶಾಸನಗಳು ಎಷ್ಟೋ ಕಡೆ ಬರೆದವನನ್ನೂ ಕಂಡರಿಸಿದವನನ್ನೂ ಬೇರೆಬೇರೆಯಾಗಿ ಹೆಸರಿಸುತ್ತವೆ. ಅಕ್ಷರದ ಚೆಲುವು ಅಂದೇ ಗೌರವ ಪಡೆದ ಕಸುಬಾಗಿತ್ತು.

ಈ ಶಾಸನಗಳನ್ನು ಲೋಕಕ್ಕೆ ತಲುಪಿಸಿದ್ದು ಬಿ.ಎಲ್. ರೈಸ್. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು 'ಎಪಿಗ್ರಾಫಿಯ ಕರ್ನಾಟಿಕ'ದ ಎಂಟನೆಯ ಸಂಪುಟವಾಗಿ 1904ರಲ್ಲಿ ಹೊರಬಂದವು. ಅದು ಮಹದುಪಕಾರ. ಆದರೂ ಶತಮಾನಗಳ ಅಂತರವಿದ್ದ ಕೈಬರಹಗಳು ಅಚ್ಚಿನ ಮೊಳೆಗಳಲ್ಲಿ ಒಂದೇ ಮುಖ ಪಡೆದವು. ಪಾಠ ಉಳಿಯಿತು, ರೂಪ ಕಲ್ಲಿನಲ್ಲೇ ಉಳಿಯಿತು.

ಹಳೆಯ ಲಿಪಿಯನ್ನು ಇಂದಿನವರು ಓದಲಾರರು, ಅದರಿಂದ ಪ್ರಯೋಜನವೇನು ಎಂದು ಕೇಳಬಹುದು. ತೆಗೆದುಕೊಳ್ಳಬೇಕಾದ್ದು ಆಕಾರವನ್ನಲ್ಲ, ಭಾರ ಹಂಚುವ ವಿವೇಕವನ್ನು. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ: ಇವನ್ನು ಬೇರ್ಪಡಿಸುವುದು ಬುಡದ ಒಂದು ಪುಟ್ಟ ಸೀಳು. ರೋಮನ್ ಮಾದರಿಯನ್ನು ಕಣ್ಣುಮುಚ್ಚಿ ಅನುಸರಿಸಿ ಆ ಸೀಳನ್ನೇ ತೆಳುವಾಗಿಸಿದರೆ, ಅಚ್ಚಿನಲ್ಲಿ ಅದು ಮಾಸಿ 'ಧನ' 'ದನ'ವಾಗುತ್ತದೆ. ತಲೆಕಟ್ಟಿನ ತುದಿ ತೆಳುವಾದರೆ ಅರ್ಥ ಕೆಡದು. ಒತ್ತಕ್ಷರ ತೆಳುವಾದರೆ ಕೆಡುತ್ತದೆ. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ 1957ರಲ್ಲಿ ಅಕ್ಷರ ಪ್ರಕಾಶನ ಕಟ್ಟಿದ ಸೀಮೆ ಇದು. ಒಳ್ಳೆಯ ಪುಸ್ತಕ ಪಟ್ಟಣದ ಸೊತ್ತೇ ಆಗಬೇಕಿಲ್ಲವೆಂದು ಆ ಪ್ರಕಾಶನ ತೋರಿಸಿದೆ. ಒಳ್ಳೆಯ ಅಕ್ಷರವೂ ಹಾಗೆಯೇ. ಹೊಸ ಶೀರ್ಷಿಕೆ ಅಕ್ಷರ ರೂಪಿಸುವವರು ಹುಂಚದ ಕಲ್ಲನ್ನೂ ಬಟ್ಟೆಯ ಕಡತವನ್ನೂ ಎದುರಿಗಿಟ್ಟುಕೊಂಡು, ಓದಿಗೆ ಬೇಕಾದ ಗೆರೆಗೆ ಮೊದಲು ಬಲ ಕೊಡಲಿ. ಬೆಡಗಿಗೆ ಉಳಿದ ಗೆರೆಗಳು ಧಾರಾಳವಾಗಿವೆ.