ಉತ್ತವರ ಹಕ್ಕು, ಇದ್ದವರ ಹಕ್ಕು: ಹ್ಯಾರಿಸ್ ಪಾರ್ಕಿನ ನೆಲದಲ್ಲಿ ಸ್ವತ್ವದ ವಿಚಾರ

ಸಿಡ್ನಿಯ ಹ್ಯಾರಿಸ್ ಪಾರ್ಕ್ ಇಂದು ‘ಲಿಟ್ಲ್ ಇಂಡಿಯಾ’ ಎಂದೇ ಹೆಸರುವಾಸಿ. ವಿಗ್ರಾಮ್ ಬೀದಿಯ ಭಾರತೀಯ ಹೋಟೆಲುಗಳಿಂದ ಕೆಲವೇ ನಿಮಿಷ ನಡೆದರೆ ಎಕ್ಸ್‌ಪೆರಿಮೆಂಟ್ ಫಾರ್ಮ್ ಸಿಗುತ್ತದೆ. ಸ್ವತ್ತಿಗೆ ಬುನಾದಿ ಯಾವುದು ಎಂಬ ರಾಜಕೀಯ ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆ ಅಲ್ಲಿ ಮಣ್ಣಿಗಿಳಿಯಿತು. 1789ರ ನವೆಂಬರಿನಲ್ಲಿ ಗವರ್ನರ್ ಆರ್ಥರ್ ಫಿಲಿಪ್, ತನ್ನ ಶಿಕ್ಷೆಯ ಅವಧಿ ಮುಗಿದಿದೆ ಎನ್ನುತ್ತಿದ್ದ ಕೈದಿ ಜೇಮ್ಸ್ ರೂಸ್‌ನನ್ನು ಒಂದೂವರೆ ಎಕರೆಯಲ್ಲಿ ಕೂರಿಸಿ, ಗುಡಿಸಲು, ಬೀಜ, ಸಲಕರಣೆ ಕೊಟ್ಟ. ಒಬ್ಬ ರೈತ ಎಷ್ಟು ಕಾಲದಲ್ಲಿ ತನ್ನ ಅನ್ನ ತಾನೇ ದುಡಿದುಕೊಳ್ಳಬಲ್ಲ ಎಂಬುದೇ ಪ್ರಯೋಗ. 1791ರ ಫೆಬ್ರವರಿಯಲ್ಲಿ ರೂಸ್ ಸರ್ಕಾರಿ ಪಡಿತರ ಬೇಡವೆಂದ. ಮರುವರ್ಷ 30 ಎಕರೆ ಅವನ ಹೆಸರಿಗಾಯಿತು. 1793ರಲ್ಲಿ ಸರ್ಜನ್ ಜಾನ್ ಹ್ಯಾರಿಸ್ ಅದನ್ನು 40 ಪೌಂಡಿಗೆ ಕೊಂಡ. ಊರಿಗೆ ಉಳಿದದ್ದು ಉತ್ತವನ ಹೆಸರಲ್ಲ, ಕೊಂಡವನದು.

ಬೆವರು ಬೆರೆತ ನೆಲ ಬೆವರಿಳಿಸಿದವನದು ಎಂಬ ವಾದವನ್ನು 1689ರಲ್ಲಿ ಜಾನ್ ಲಾಕ್ ಶಾಸ್ತ್ರವಾಗಿಸಿದ್ದ. ಫಿಲಿಪ್ ಲಾಕ್‌ನ ಗ್ರಂಥ ಹಿಡಿದು ಬಂದವನಲ್ಲ, ಭೂಮಿ ಕೊಟ್ಟದ್ದು ದೊರೆಯ ಅಧಿಕಾರದಿಂದ ಎಂಬ ಆಕ್ಷೇಪ ನ್ಯಾಯವೇ. ಆದರೆ 1787ರಲ್ಲಿ ಅವನಿಗೆ ಸಿಕ್ಕ ಸೂಚನೆಗಳು ಬಿಡುಗಡೆಯಾದ ಕೈದಿಗೆ ಭೂಮಿ ಕೊಡಲು ಹಾಕಿದ ಷರತ್ತೇ ಅಲ್ಲಿ ನೆಲೆಸಬೇಕು, ಸಾಗುವಳಿ ಮಾಡಬೇಕು ಎಂಬುದು. ಗ್ರಂಥ ಬಾರದಿದ್ದರೂ ಅಳತೆಗೋಲು ಬಂದಿತ್ತು. ರೂಸ್‌ನ ಬೇಸಾಯವನ್ನು ಅಧಿಕಾರಿ ವಾಟ್ಕಿನ್ ಟೆಂಚ್ ಬರೆದಿಟ್ಟಿದ್ದಾನೆ: ಕಡಿದ ಮರ ಸುಟ್ಟು, ಬೂದಿಯನ್ನು ಗುದ್ದಲಿಯಿಂದ ಮಣ್ಣಿಗೆ ಬೆರೆಸಿ, ಹೆಂಟೆ ಒಡೆದು, ಬಿಸಿಲಿಗೆ ಬಿಟ್ಟು, ಮತ್ತೆ ಅಗೆದು ಬಿತ್ತನೆ. ದುಡಿಮೆ ಅವನದೇ, ಸಂಶಯವಿಲ್ಲ. ಬೂದಿಯಾದ ಮರವಿದ್ದ ನೆಲ ಮಾತ್ರ ಮೂಲನಿವಾಸಿ ಬರ್ರಮಟ್ಟಗಲ್ ಜನರದು.

ಇಲ್ಲಿ ಕನ್ನಡ ನಾಡಿನ ಒಂದು ವಾದ ನೆರವಿಗೆ ಬರುತ್ತದೆ. ಆರನೆಯ ವಿಕ್ರಮಾದಿತ್ಯನ (1076–1126) ಕಲ್ಯಾಣದಲ್ಲಿ ‘ಮಿತಾಕ್ಷರ’ ಎಂಬ ಧರ್ಮಶಾಸ್ತ್ರ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನ ಪ್ರಕಾರ ಸ್ವತ್ವ, ಅಂದರೆ ಒಡೆತನ, ಲೌಕಿಕ, ಶಾಸ್ತ್ರ ಹುಟ್ಟಿಸಿದ್ದಲ್ಲ. ಅವನು ಕೊಡುವ ಒಂದು ಪುರಾವೆ ಗಡಿನಾಡಿನದು: ಶಾಸ್ತ್ರದ ಗಂಧವಿಲ್ಲದ ಪ್ರತ್ಯಂತವಾಸಿಗಳಲ್ಲೂ ಕೊಳ್ಳುವುದು, ಮಾರುವುದು ಮುಂತಾದ ವ್ಯವಹಾರ ಕಾಣುತ್ತದೆ, ಆದ್ದರಿಂದ ಅವರಿಗೂ ಸ್ವತ್ವದ ಅರಿವಿದೆ. ನಮ್ಮ ಕಾನೂನು ಅರಿಯದವನಿಗೂ ತನ್ನದು ಎಂಬುದು ಇರುತ್ತದೆ ಎಂದಾಯಿತು. ಬರ್ರಮಟ್ಟಗಲ್ಲರು ನೆಲ ಮಾರುತ್ತಿರಲಿಲ್ಲವಲ್ಲ ಎನ್ನಬಹುದು. ಮಾರಾಟ ಇಲ್ಲಿ ಗುರುತಷ್ಟೆ, ಆಧಾರವಲ್ಲ, ಆಧಾರ ಲೋಕವ್ಯವಹಾರ. ಹುಟ್ಟಿನಿಂದಲೇ ಹಕ್ಕು ಎಂದ ವಿಜ್ಞಾನೇಶ್ವರನಿಗೆ ಮಾರಲಾಗದ ನೆಲದ ಕಲ್ಪನೆ ಅಪರಿಚಿತವೂ ಅಲ್ಲ. ಅವನು ಚರ್ಚಿಸುತ್ತಿದ್ದುದು ಮನೆತನದ ಪಾಲನ್ನು, ವಸಾಹತನ್ನಲ್ಲ. ಅವನ ಸಮಾಜವೂ ಸಮಾನವಾಗಿರಲಿಲ್ಲ. ಆದರೂ ತರ್ಕ ಸಂದರ್ಭಕ್ಕಿಂತ ದೊಡ್ಡದು.

ಹಾಗಾದರೆ ‘ಉಳುವವನೇ ಹೊಲದೊಡೆಯ’ ಎಂದ ಕಾಗೋಡು ಸತ್ಯಾಗ್ರಹ ತಪ್ಪೇ? ಕನ್ನಡ ಓದುಗರ ಬಲವಾದ ಆಕ್ಷೇಪ ಇದೇ ಆಗಬೇಕು. ಸಾಗರ ತಾಲ್ಲೂಕಿನ ಆ ಸತ್ಯಾಗ್ರಹ 1951ರಲ್ಲಿ ಕಾವೇರಿದ್ದು ಗೇಣಿ ಅಳೆಯುವ ಕೊಳಗದ ತಕರಾರಿನಿಂದ. ದೇವರಾಜ ಅರಸರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿದಾರ ಅರ್ಜಿ ಹಾಕಿದ, ನ್ಯಾಯಮಂಡಳಿ ವಿಚಾರಿಸಿತು, ಧಣಿಗೆ ಪರಿಹಾರದ ಹಕ್ಕೂ ಇತ್ತು. ಹ್ಯಾರಿಸ್ ಪಾರ್ಕಿನಲ್ಲಿ ಎದುರು ಕಕ್ಷಿಯನ್ನು ಕೂಗಲೇ ಇಲ್ಲ. ದುಡಿಮೆಯ ವಾದ ಉಳಿದವರ ಹಕ್ಕನ್ನು ಒಪ್ಪಿಕೊಂಡು ನಿಂತಾಗ ನ್ಯಾಯ. ಅವರನ್ನು ಲೆಕ್ಕದಿಂದ ಬಿಟ್ಟು ನಿಂತಾಗ ಕಬಳಿಕೆ.

ಲೆಕ್ಕದಿಂದ ಬಿಡುವ ಈ ರೂಢಿ ಮುಂದೆಯೂ ಕಂಡಿತು. ಮೆಲ್ಬರ್ನಿನ ಕಡೆ 1835ರಲ್ಲಿ ವಸಾಹತುಗಾರ ಜಾನ್ ಬ್ಯಾಟ್‌ಮನ್ ಅಲ್ಲಿನ ಮೂಲನಿವಾಸಿ ವುರುಂಡ್ಜೆರಿ ಹಿರಿಯರಿಂದ ನೆಲ ಪಡೆದೆನೆಂದು ಒಪ್ಪಂದ ತೋರಿಸಿದ. ಅವರು ಅದನ್ನು ಮಾರಾಟವೆಂದು ಬಗೆದಿದ್ದರೇ ಎಂಬುದು ಬೇರೆ ಪ್ರಶ್ನೆ. ಗವರ್ನರ್ ಬರ್ಕ್ ಆ ಪ್ರಶ್ನೆಗೆ ಹೋಗದೆ, ಭೂಮಿ ದೊರೆಯದು ಎಂದು ಘೋಷಿಸಿ ಒಪ್ಪಂದವನ್ನು ಅಸಿಂಧುಗೊಳಿಸಿದ. ಮೂಲನಿವಾಸಿಗಳಿಗೆ ನೆಲದ ಹಕ್ಕೇ ಇಲ್ಲ ಎಂಬ ಈ ನಿಲುವನ್ನು ಆಸ್ಟ್ರೇಲಿಯಾದ ಹೈಕೋರ್ಟ್ ಕೈಬಿಟ್ಟದ್ದು 1992ರ ಜೂನ್ 3ರಂದು, ಮಾಬೊ ತೀರ್ಪಿನಲ್ಲಿ. ಮೂಲನಿವಾಸಿಗಳ ಹಕ್ಕು ಅವರದೇ ಕಟ್ಟುಕಟ್ಟಳೆಗಳಿಂದ ಬರುತ್ತದೆ ಎಂದು ಅದು ಒಪ್ಪಿತು. ಗಡಿನಾಡಿಗರ ಬಗ್ಗೆ ಕಲ್ಯಾಣದಲ್ಲಿ ಆಡಿದ ಮಾತಿಗೆ ಇದು ಬಹಳ ಹತ್ತಿರ. ಆದರೆ ದೊರೆ ಪೂರ್ಣ ಸ್ವಾಮ್ಯದಲ್ಲಿ ಮಂಜೂರು ಮಾಡಿದ ಕಡೆ ಆ ಹಕ್ಕು ಅಳಿದುಹೋಗಿದೆ ಎಂದೂ ಅದೇ ತೀರ್ಪು ಹೇಳಿತು. ರೂಸ್‌ನ 30 ಎಕರೆಯನ್ನು ಆ ಹಕ್ಕು ಮುಟ್ಟುವುದಿಲ್ಲ. ತತ್ತ್ವ ತಿದ್ದಿಕೊಂಡಿತು, ಪಹಣಿ ಹಾಗೆಯೇ ಉಳಿಯಿತು.