ಹಳೆಯ ಕಂಪ್ಯೂಟರಿಗೆ ಹಗುರ ಲಿನಕ್ಸ್

ಕಡಿಮೆ ರ‍್ಯಾಮ್, ನಿಧಾನಗತಿಯ ಪ್ರೊಸೆಸರ್ ಮತ್ತು ಸಣ್ಣ ಡಿಸ್ಕ್ ಇರುವ ಕಂಪ್ಯೂಟರುಗಳಲ್ಲೂ ಸಲೀಸಾಗಿ ಓಡುವಂತೆ ಜೋಡಿಸಿದ ಲಿನಕ್ಸ್ ವಿತರಣೆಗಳನ್ನು ಹಗುರ ಲಿನಕ್ಸ್ ಎನ್ನುತ್ತಾರೆ. ಬಳಕೆದಾರರ ಮಾತಿನಲ್ಲಿ ವಿತರಣೆ ಎಂದರೆ ‘ಡಿಸ್ಟ್ರೊ’. ಪಪ್ಪಿ ಲಿನಕ್ಸ್, ಆ್ಯಂಟಿಎಕ್ಸ್, ಟೈನಿ ಕೋರ್, ಲುಬುಂಟು, ಎಂಎಕ್ಸ್ ಲಿನಕ್ಸ್, ಬೋಧಿ ಮೊದಲಾದವು ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದನ್ನು ಯಂತ್ರದ ಪ್ರೊಸೆಸರ್, ರ‍್ಯಾಮ್ ಮತ್ತು ಅದರಿಂದ ಆಗಬೇಕಾದ ಕೆಲಸ ಈ ಮೂರೇ ನಿರ್ಧರಿಸುತ್ತವೆ. ಡಿಸ್ಟ್ರೊದ ಜನಪ್ರಿಯತೆಗೆ ಇಲ್ಲಿ ಹೆಚ್ಚಿನ ಬೆಲೆಯಿಲ್ಲ.

ಹಿನ್ನೆಲೆ

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ತಮ್ಮ 386 ಪಿಸಿಗಾಗಿ ಬರೆದ ಕರ್ನಲ್‌ನಿಂದ ಲಿನಕ್ಸ್ ಆರಂಭವಾಯಿತು. ಹಳೆಯ ಯಂತ್ರಗಳನ್ನು ಬೇಗ ಕೈಬಿಡದ ಗುಣ ಅದಕ್ಕೆ ಮೊದಲಿನಿಂದಲೂ ಇದೆ: 386 ಪ್ರೊಸೆಸರಿಗೆ ಬೆಂಬಲ ನಿಂತದ್ದು 2013ರಲ್ಲಿ ಬಂದ 3.8ನೇ ಕರ್ನಲ್‌ನಲ್ಲಿ. ಇತ್ತ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಚಿಪ್ ಕೇಳುತ್ತದೆ. ಇಂಟೆಲ್‌ನ ಪ್ರೊಸೆಸರುಗಳ ಪೈಕಿ ಕೆಲವೇ ಅಪವಾದಗಳನ್ನು ಬಿಟ್ಟರೆ ಎಂಟನೇ ಪೀಳಿಗೆಗಿಂತ ಹಿಂದಿನವನ್ನು ಒಪ್ಪುವುದಿಲ್ಲ. ಹೀಗಾಗಿ ಕೀಬೋರ್ಡ್, ಪರದೆ, ಡಿಸ್ಕ್ ಎಲ್ಲವೂ ಚೆನ್ನಾಗಿರುವ ಯಂತ್ರಗಳು ಕೂಡ ಭದ್ರತಾ ಅಪ್‌ಡೇಟ್ ಇಲ್ಲವೆಂಬ ಒಂದೇ ಕಾರಣಕ್ಕೆ ಮೂಲೆ ಸೇರುತ್ತಿವೆ. ಅವು ಗುಜರಿಗೆ ಹೋಗಬೇಕಾದ್ದಿಲ್ಲ.

ಭಾರ ಎಲ್ಲಿಂದ ಬರುತ್ತದೆ

ಹಗುರ ಡಿಸ್ಟ್ರೊದಲ್ಲೂ ದೊಡ್ಡ ಡಿಸ್ಟ್ರೊದಲ್ಲೂ ಇರುವುದು ಅದೇ ಲಿನಕ್ಸ್ ಕರ್ನಲ್. ವ್ಯತ್ಯಾಸವೆಲ್ಲ ಅದರ ಮೇಲೆ ಕೂರುವ ಡೆಸ್ಕ್‌ಟಾಪ್ ಮತ್ತು ಹಿನ್ನೆಲೆಯಲ್ಲಿ ಓಡುವ ಸೇವೆಗಳದು. ಗ್ನೋಮ್ ಡೆಸ್ಕ್‌ಟಾಪ್ ಯಾವ ಪ್ರೋಗ್ರಾಮನ್ನೂ ತೆರೆಯುವ ಮುನ್ನವೇ ಒಂದು ಜಿಬಿಯ ಆಸುಪಾಸು ರ‍್ಯಾಮ್ ಹಿಡಿಯುತ್ತದೆ. ಎಕ್ಸ್‌ಎಫ್‌ಸಿಇ ಮತ್ತು ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪುಗಳಿಗೆ ಅದಕ್ಕಿಂತ ಸಾಕಷ್ಟು ಕಡಿಮೆ ಸಾಕು. ಐಸ್‌ಡಬ್ಲ್ಯುಎಂನಂಥ ಬರಿಯ ವಿಂಡೋ ಮ್ಯಾನೇಜರ್ ಬಳಸಿದರೆ ಇಡೀ ವ್ಯವಸ್ಥೆ ಕೆಲವು ನೂರು ಎಂಬಿಯೊಳಗೆ ನಿಲ್ಲುತ್ತದೆ.

ಆದರೆ ಈ ಉಳಿತಾಯ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಬ್ರೌಸರ್ ತೆರೆದಾಗ. ಇಂದಿನ ಒಂದು ಸುದ್ದಿತಾಣವೋ ಇಮೇಲ್ ಪುಟವೋ ತನ್ನ ಸ್ಕ್ರಿಪ್ಟುಗಳು, ಚಿತ್ರಗಳು, ಜಾಹೀರಾತುಗಳ ಸಮೇತ ನೂರಾರು ಎಂಬಿ ತಿನ್ನುವುದು ಸಾಮಾನ್ಯ. ನಾಲ್ಕೈದು ಟ್ಯಾಬ್ ತೆರೆದರೆ ಡೆಸ್ಕ್‌ಟಾಪಿನಲ್ಲಿ ಉಳಿಸಿದ್ದೆಲ್ಲ ಕರಗುತ್ತದೆ. ಡೆಸ್ಕ್‌ಟಾಪ್ ಎಷ್ಟೇ ಹಗುರವಾಗಿದ್ದರೂ ಫೈರ್‌ಫಾಕ್ಸ್ ಫೈರ್‌ಫಾಕ್ಸೇ, ಕ್ರೋಮ್ ಕ್ರೋಮೇ. ‘200 ಎಂಬಿಯಲ್ಲಿ ಓಡುತ್ತದೆ’ ಎಂಬ ಹೊಗಳಿಕೆಯನ್ನು ಓದುವಾಗ ಇದು ನೆನಪಿರಬೇಕು. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಒಂದನ್ನು ಹಾಕುವುದರಿಂದ ಸಿಗುವ ವೇಗ ಎಷ್ಟೋ ಸಲ ಡಿಸ್ಟ್ರೊ ಬದಲಿಸಿದ್ದಕ್ಕಿಂತ ಹೆಚ್ಚು.

ವೀಡಿಯೊದ ತೊಂದರೆ ಬೇರೆ ಬಗೆಯದು. ಯೂಟ್ಯೂಬ್ ಈಗ ಹೆಚ್ಚಾಗಿ ವಿಪಿ9 ಇಲ್ಲವೇ ಎವಿ1 ರೂಪದಲ್ಲಿ ವೀಡಿಯೊ ಕಳಿಸುತ್ತದೆ. ಹಳೆಯ ಗ್ರಾಫಿಕ್ಸ್ ಚಿಪ್‌ಗಳಿಗೆ ಇವನ್ನು ಬಿಡಿಸುವ ಶಕ್ತಿಯಿಲ್ಲದ ಕಾರಣ ಇಡೀ ಹೊರೆ ಪ್ರೊಸೆಸರಿನ ಮೇಲೆ ಬಿದ್ದು ಚಿತ್ರ ತಡವರಿಸುತ್ತದೆ, ಫ್ಯಾನು ಕೂಗತೊಡಗುತ್ತದೆ. ಹಳೆಯ ಎಚ್.264 ರೂಪದಲ್ಲೇ ಕಳಿಸುವಂತೆ ಕೇಳುವ ಎಕ್ಸ್‌ಟೆನ್ಷನ್‌ಗಳಿವೆ. ಅವನ್ನು ಹಾಕಿ ಗುಣಮಟ್ಟವನ್ನು 480ಪಿಗೆ ಇಳಿಸಿದರೆ ಕೋರ್ 2 ಡ್ಯುಯೊ ಯಂತ್ರದಲ್ಲೂ ಪಾಠದ ವೀಡಿಯೊಗಳನ್ನು ನೋಡಬಹುದು.

ರ‍್ಯಾಮ್ ತುಂಬಿದಾಗ ಲಿನಕ್ಸ್ ಬಳಕೆಯಲ್ಲಿಲ್ಲದ ಮೆಮೊರಿ ಪುಟಗಳನ್ನು ಡಿಸ್ಕಿನ ಸ್ವಾಪ್ ಜಾಗಕ್ಕೆ ಸಾಗಿಸುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಚೂರು ಚೂರು ಓದುವ ಕೆಲಸ ಸೆಕೆಂಡಿಗೆ ನೂರರ ಆಸುಪಾಸಿಗಿಂತ ಮೇಲೇರುವುದಿಲ್ಲ. ಮೌಸಿನ ಬಾಣ ಅಲುಗಾಡದೆ ನಿಂತು ಡಿಸ್ಕಿನ ದೀಪ ಮಾತ್ರ ಮಿನುಗುವ ಸ್ಥಿತಿ ಬರುವುದು ಇದರಿಂದಲೇ. ಎಸ್‌ಎಸ್‌ಡಿ ಹಾಕಿದರೆ ಇದೇ ಕೆಲಸ ಸೆಕೆಂಡಿಗೆ ಸಾವಿರಗಟ್ಟಲೆ ಸಲ ನಡೆಯುತ್ತದೆ. ಖರ್ಚಿಲ್ಲದ ಇನ್ನೊಂದು ಉಪಾಯ ಝಡ್‌ರ‍್ಯಾಮ್: ಸಾಗಿಸಬೇಕಾದ ಪುಟಗಳನ್ನು ಕುಗ್ಗಿಸಿ ರ‍್ಯಾಮಿನಲ್ಲೇ ಇಡುತ್ತದೆ. ಒಂದೆರಡು ಜಿಬಿಯ ಯಂತ್ರಗಳಿಗೆ ಇದು ದೊಡ್ಡ ಆಸರೆ.

ಯಂತ್ರವನ್ನು ಅರಿಯುವುದು

ಮೊದಲು ತಿಳಿಯಬೇಕಾದದ್ದು ಪ್ರೊಸೆಸರ್ 32-ಬಿಟ್ಟೋ 64-ಬಿಟ್ಟೋ ಎಂಬುದು. 32-ಬಿಟ್ ಲಿನಕ್ಸ್ ಒಂದನ್ನು ಪೆನ್‌ಡ್ರೈವಿನಿಂದ ಬೂಟ್ ಮಾಡಿ ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಸಿಪಿಯು’ (lscpu) ಆದೇಶ ಕೊಟ್ಟರೆ ಉತ್ತರ ಸಿಗುತ್ತದೆ. ಎಎಂಡಿ ಅಥ್ಲಾನ್ 64 ಬಂದದ್ದು 2003ರಲ್ಲಿ, ಇಂಟೆಲ್ ಕೋರ್ 2 ಡ್ಯುಯೊ 2006ರಲ್ಲಿ. ಆಮೇಲಿನ ಡೆಸ್ಕ್‌ಟಾಪುಗಳು ಬಹುಮಟ್ಟಿಗೆ 64-ಬಿಟ್. ಆದರೆ 2008ರ ಹೊತ್ತಿನ ಪುಟ್ಟ ನೆಟ್‌ಬುಕ್‌ಗಳಲ್ಲಿದ್ದ ಆಟಮ್ ಎನ್270 ಪ್ರೊಸೆಸರ್ 32-ಬಿಟ್ ಮಾತ್ರ. ಹೆಸರಿನಲ್ಲಿ ‘2’ ಇಲ್ಲದ ಕೋರ್ ಡ್ಯುಯೊ ಕೂಡ ಹಾಗೆಯೇ.

32-ಬಿಟ್ ಯಂತ್ರಗಳಿಗೆ ದಾರಿ ಕಿರಿದಾಗುತ್ತ ಬಂದಿದೆ. ಉಬುಂಟು ಬಳಗ ಇವುಗಳ ಬೆಂಬಲವನ್ನು ಹಿಂದೆಯೇ ಬಿಟ್ಟಿತು. ಲುಬುಂಟುವಿನಲ್ಲಿ 32-ಬಿಟ್‌ಗೆ ಸಿಕ್ಕ ಕೊನೆಯ ದೀರ್ಘಾವಧಿ ಆವೃತ್ತಿ 18.04. ಲಿನಕ್ಸ್‌ಗೆ 32-ಬಿಟ್ ಕ್ರೋಮ್ 2016ರಲ್ಲೇ ನಿಂತಿತು. ಹಳೆಯ ಯಂತ್ರಗಳ ಕೊನೆಯ ನೆಲೆಯಂತಿದ್ದ ಡೆಬಿಯನ್ ಕೂಡ 2025ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿಯಲ್ಲಿ 32-ಬಿಟ್ ಕರ್ನಲ್ ಮತ್ತು ಇನ್‌ಸ್ಟಾಲರ್ ಕೊಡಲಿಲ್ಲ. ಡೆಬಿಯನ್ 12ಕ್ಕೆ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ ಇದೆ. ಅದನ್ನು ಆಧರಿಸಿದ ಆ್ಯಂಟಿಎಕ್ಸ್ 23ರಂಥ ಡಿಸ್ಟ್ರೊಗಳ 32-ಬಿಟ್ ಆವೃತ್ತಿಗಳೇ ಈಗಿನ ಮುಖ್ಯ ಆಶ್ರಯ. ಇನ್ನೂ ಹಿಂದಿನ ಪೆಂಟಿಯಂ 3 ಮತ್ತು ಅಥ್ಲಾನ್ ಎಕ್ಸ್‌ಪಿ ಪ್ರೊಸೆಸರುಗಳಲ್ಲಿ ಎಸ್‌ಎಸ್‌ಇ2 ಸೂಚನೆಗಳಿಲ್ಲ. ಇಂದಿನ ಫೈರ್‌ಫಾಕ್ಸ್ ಅವುಗಳಲ್ಲಿ ಓಡುವುದೇ ಇಲ್ಲ.

ಪ್ರೊಸೆಸರ್ 64-ಬಿಟ್ ಆಗಿದ್ದರೆ 64-ಬಿಟ್ ಡಿಸ್ಟ್ರೊ ಹಾಕುವುದೇ ಸರಿ. 64-ಬಿಟ್ ಪ್ರೋಗ್ರಾಮುಗಳು ತುಸು ಹೆಚ್ಚು ರ‍್ಯಾಮ್ ಬೇಡುತ್ತವೆ ಎಂಬುದು ನಿಜ. ಆ ಸಣ್ಣ ಉಳಿತಾಯಕ್ಕಾಗಿ ಅಪ್‌ಡೇಟ್‌ಗಳನ್ನು ಬಿಟ್ಟುಕೊಡುವುದು ಲಾಭದ ವ್ಯವಹಾರವಲ್ಲ. ರ‍್ಯಾಮ್ ಸಾಲದಿದ್ದರೆ ಡಿಡಿಆರ್3 ಪಟ್ಟಿಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಲ್ಯಾಪ್‌ಟಾಪಿನದು ಮತ್ತು ಡೆಸ್ಕ್‌ಟಾಪಿನದು ಬೇರೆ ಬೇರೆ ಅಳತೆಯವು, ಹಳೆಯ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ಹೋಗುವುದು ಒಳ್ಳೆಯದು.

ಪ್ರಮುಖ ಡಿಸ್ಟ್ರೊಗಳು

ಪಪ್ಪಿ ಲಿನಕ್ಸನ್ನು ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಹೊರತಂದರು. ಬೂಟ್ ಆದಾಗ ಇಡೀ ವ್ಯವಸ್ಥೆ ರ‍್ಯಾಮಿಗೆ ಏರಿಬಿಡುವುದು ಇದರ ವೈಶಿಷ್ಟ್ಯ. ಆಮೇಲೆ ಡಿಸ್ಕ್ ನಿಧಾನವಾಗಿದ್ದರೂ, ಕೆಟ್ಟೇ ಹೋಗಿದ್ದರೂ ಕೆಲಸಕ್ಕೆ ಅಡ್ಡಿಯಿಲ್ಲ. ಮಾಡಿದ ಬದಲಾವಣೆಗಳನ್ನು ಪೆನ್‌ಡ್ರೈವಿನ ಒಂದು ಕಡತದಲ್ಲಿ ಉಳಿಸಿಕೊಳ್ಳಬಹುದು. ಇದರಲ್ಲಿ ಬಳಕೆದಾರರು ಎಲ್ಲಕ್ಕೂ ಅನುಮತಿಯಿರುವ ರೂಟ್ ಅಧಿಕಾರದಲ್ಲೇ ಕೆಲಸ ಮಾಡುತ್ತಾರೆ. ಹಲವರು ಹಂಚಿಕೊಳ್ಳುವ ಕಂಪ್ಯೂಟರಿಗೆ ಇದು ತಕ್ಕ ಏರ್ಪಾಡಲ್ಲ.

ಡ್ಯಾಮ್ ಸ್ಮಾಲ್ ಲಿನಕ್ಸ್ ಒಂದು ಕಾಲಕ್ಕೆ 50 ಎಂಬಿಯ ಗೆರೆ ದಾಟದ ಡಿಸ್ಟ್ರೊ ಎಂದೇ ಹೆಸರಾಗಿತ್ತು. ಹಲವು ವರ್ಷ ನಿಂತುಹೋಗಿದ್ದ ಇದನ್ನು 2024ರಲ್ಲಿ ಜಾನ್ ಆಂಡ್ರ್ಯೂಸ್ ಆ್ಯಂಟಿಎಕ್ಸ್ ಆಧಾರದ ಮೇಲೆ ಮತ್ತೆ ತಂದರು. ಈಗಿನ ಮಿತಿ ಒಂದು ಸಿ.ಡಿ.ಯ 700 ಎಂಬಿ. ಅದರ ಹಳೆಯ ತಂಡದಲ್ಲಿದ್ದ ರಾಬರ್ಟ್ ಶಿಂಗಲ್‌ಡೆಕರ್ ಆರಂಭಿಸಿದ ಟೈನಿ ಕೋರ್ ಚಿತ್ರಾತ್ಮಕ ಪರದೆಯ ಸಮೇತ 30 ಎಂಬಿಗೂ ಕಡಿಮೆ. ಬೇಕಾದುದನ್ನೆಲ್ಲ ನಾವೇ ಒಂದೊಂದಾಗಿ ಸೇರಿಸಿಕೊಳ್ಳಬೇಕಾದ್ದರಿಂದ ಇದು ಕಲಿಯುವವರಿಗೆ ಚಿನ್ನ, ಹೊಸಬರಿಗೆ ಕಷ್ಟ.

ಆ್ಯಂಟಿಎಕ್ಸ್ ಡೆಬಿಯನ್‌ನ ದೊಡ್ಡ ತಂತ್ರಾಂಶ ಭಂಡಾರವನ್ನೂ ಐಸ್‌ಡಬ್ಲ್ಯುಎಂನ ಮಿತವ್ಯಯವನ್ನೂ ಕೂಡಿಸುತ್ತದೆ, ಹಿನ್ನೆಲೆ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯನ್ನು ಬಳಸುವುದಿಲ್ಲ. ಒಂದು ಜಿಬಿ ರ‍್ಯಾಮಿನ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಆಯ್ಕೆ ಹೇಳುವುದು ಕಷ್ಟ. ಇದರ ಬಳಗ ಮತ್ತು ಹಿಂದಿನ ಮೆಪಿಸ್ ಡಿಸ್ಟ್ರೊದ ಬಳಗ ಸೇರಿ ರೂಪಿಸಿದ್ದು ಎಂಎಕ್ಸ್ ಲಿನಕ್ಸ್. ಅದರ ಮುಖ್ಯ ಆವೃತ್ತಿಯಲ್ಲಿ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇದೆ. ಎರಡು ಜಿಬಿ ಇದ್ದರೆ ಎಂಎಕ್ಸ್ ಅಥವಾ ಎಲ್‌ಎಕ್ಸ್‌ಕ್ಯೂಟಿ ಇರುವ ಲುಬುಂಟು ಹೊಂದುತ್ತದೆ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಕನಿಷ್ಠ ಎರಡು ಜಿಬಿ ಕೇಳಿದರೂ ನಾಲ್ಕು ಇದ್ದಾಗಲೇ ಹಾಯಾಗಿರುತ್ತದೆ. ವಿಂಡೋಸ್‌ನಿಂದ ಬಂದವರಿಗೆ ಅದರ ಮೆನು ಮತ್ತು ಅಪ್‌ಡೇಟ್ ಪದ್ಧತಿ ಬೇಗ ಕೈಹತ್ತುತ್ತವೆ.

ಕನ್ನಡದ ಕೆಲಸ

ಉಬುಂಟು ಮತ್ತು ಡೆಬಿಯನ್ ಭಂಡಾರಗಳಲ್ಲಿ ಲೋಹಿತ್ ಕನ್ನಡ, ಗುಬ್ಬಿ, ನವಿಲು ಫಾಂಟುಗಳು ಸಿಗುತ್ತವೆ. ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ಸಲಕರಣೆಗಳನ್ನು ಹಾಕಿಕೊಂಡರೆ ನುಡಿ ತಂತ್ರಾಂಶ ಬಳಸುವವರಿಗೆ ರೂಢಿಯಾದ ಕೆಜಿಪಿ ಕೀಲಿವಿನ್ಯಾಸವೂ ಇನ್‌ಸ್ಕ್ರಿಪ್ಟೂ ದೊರೆಯುತ್ತವೆ. ತೀರಾ ಚಿಕ್ಕ ಡಿಸ್ಟ್ರೊಗಳಲ್ಲಿ ಕನ್ನಡ ಫಾಂಟು ಇಲ್ಲದೆ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು ಕಾಣಬಹುದು. ಒಂದು ಫಾಂಟು ಹಾಕಿದರೆ ಸರಿಹೋಗುತ್ತದೆ. ಶಾಲೆ, ಪಂಚಾಯಿತಿ, ಡಿಟಿಪಿ ಕೇಂದ್ರಗಳ ಹಳೆಯ ಯಂತ್ರಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ನುಡಿ ತಂತ್ರಾಂಶದ ಆಸ್ಕಿ ಫಾಂಟುಗಳಲ್ಲಿ ಟೈಪಾದ ಕಡತಗಳು ಆ ಫಾಂಟಿಲ್ಲದ ಲಿನಕ್ಸಿನಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ತೆರೆದುಕೊಳ್ಳುತ್ತವೆ. ವಿಂಡೋಸ್ ಅಳಿಸುವ ಮೊದಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಹಾಕುವ ಮುನ್ನ

ಬಹುತೇಕ ಎಲ್ಲ ಡಿಸ್ಟ್ರೊಗಳನ್ನೂ ಡಿಸ್ಕಿಗೆ ಕೈ ಹಚ್ಚದೆ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ, ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಮತ್ತೆ ಎಚ್ಚರವಾಗುತ್ತದೆಯೇ ಎಂದು ಆಗಲೇ ಪರೀಕ್ಷಿಸಬೇಕು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರದಲ್ಲಿ ಎಲ್ಲ ಸರಿಯಿದ್ದೂ ಯಾವ ಜಾಲತಾಣವೂ ತೆರೆಯದೆ ಭದ್ರತಾ ಎಚ್ಚರಿಕೆ ತೋರಿಸಿದರೆ ಮೊದಲು ಗಡಿಯಾರ ನೋಡಿ. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತು ದಿನಾಂಕ ಹಿಂದಕ್ಕೆ ಹೋಗಿರುತ್ತದೆ, ಜಾಲತಾಣಗಳ ಪ್ರಮಾಣಪತ್ರಗಳು ಆ ದಿನಾಂಕಕ್ಕೆ ಹೊಂದುವುದಿಲ್ಲ. ಸೆಲ್ ಬದಲಿಸುವ ಖರ್ಚು ಅಲ್ಪ.

ಅಪ್‌ಡೇಟ್ ನಿಂತ ಡಿಸ್ಟ್ರೊ ಎಷ್ಟೇ ವೇಗವಾಗಿ ಓಡಿದರೂ ಅದರಲ್ಲಿ ಬ್ಯಾಂಕ್ ವ್ಯವಹಾರ ಮಾಡಬಾರದು. ಅಂಥ ಯಂತ್ರವನ್ನು ಇಂಟರ್‌ನೆಟ್‌ನಿಂದ ಬಿಡಿಸಿ ಟೈಪಿಂಗ್ ಕಲಿಯಲು, ಹಾಡು ಕೇಳಲು, ಮಕ್ಕಳು ಪ್ರೋಗ್ರಾಮಿಂಗ್ ಅಭ್ಯಾಸ ಮಾಡಲು ಇಟ್ಟುಕೊಳ್ಳಬಹುದು.