ಪ್ರಾಜೆಕ್ಟ್ ರೋ ಹೌಸಸ್

ಅಮೆರಿಕದ ಹ್ಯೂಸ್ಟನ್ ನಗರದ ಥರ್ಡ್ ವಾರ್ಡ್ ಆಫ್ರಿಕನ್ ಅಮೆರಿಕನ್ನರ ಹಳೆಯ ಬಡಾವಣೆ. ಅಲ್ಲಿ ಪಾಳುಬಿದ್ದಿದ್ದ 22 ಬಾಡಿಗೆ ಮನೆಗಳನ್ನು ಉಳಿಸಿಕೊಂಡು 1993ರಲ್ಲಿ ಹುಟ್ಟಿದ ಕಲಾಸಂಸ್ಥೆ ಇದು.

ಸ್ಥಾಪಕರು ಯಾರೆಂಬಲ್ಲಿ ಬರಹಗಳಿಗೆ ಒಮ್ಮತವಿಲ್ಲ. ಪತ್ರಿಕೆಗಳು ಸಾಮಾನ್ಯವಾಗಿ ರಿಕ್ ಲೋ ಒಬ್ಬರನ್ನೇ ಹೆಸರಿಸುತ್ತವೆ. 2014ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂದ ಮೇಲಂತೂ ಉಳಿದವರು ಮರೆಗೆ ಸರಿದರು. ಸಂಸ್ಥೆಯ ಪಟ್ಟಿಯಲ್ಲಿರುವುದು ಏಳು ಮಂದಿ ಕಲಾವಿದರು: ಲೋ, ಜೇಮ್ಸ್ ಬೆಟಿಸನ್, ಬರ್ಟ್ ಲಾಂಗ್, ಜೆಸ್ಸಿ ಲಾಟ್, ಫ್ಲಾಯ್ಡ್ ನ್ಯೂಸಮ್, ಬರ್ಟ್ ಸ್ಯಾಂಪಲ್ಸ್, ಜಾರ್ಜ್ ಸ್ಮಿತ್. ಯೋಜನೆಯ ಕಿಡಿ ಹೊತ್ತಿಸಿದ್ದು ಕಲಾವಿದರೂ ಅಲ್ಲ, ಒಬ್ಬ ಶಾಲಾ ಹುಡುಗ ಎಂದು ಲೋ ಅವರೇ ಹಲವು ಕಡೆ ಹೇಳಿದ್ದಾರೆ. ಅವರ ಸ್ಟುಡಿಯೋಗೆ ಬಂದ ಆ ಹುಡುಗ, ನಮ್ಮ ಕಷ್ಟ ನಮಗೇ ಗೊತ್ತಿದೆ, ಅದನ್ನೇ ಚಿತ್ರ ಬರೆದು ತೋರಿಸುವ ಬದಲು ಪರಿಹಾರ ಯಾಕೆ ಹುಡುಕಬಾರದು ಎಂದನಂತೆ.

ಇಲ್ಲಿನವು 'ಶಾಟ್‌ಗನ್' ಮನೆಗಳು. ರೈಲು ಬೋಗಿಯಂತೆ ಒಂದರ ಹಿಂದೊಂದು ಕೋಣೆ. ಮುಂಬಾಗಿಲಲ್ಲಿ ನಿಂತರೆ ಹಿತ್ತಿಲು ಕಾಣುತ್ತದೆ. ಮುಂದೆ ಹಾರಿಸಿದ ಗುಂಡು ಹಿಂದೆ ಹೊರಬೀಳುವುದರಿಂದ ಈ ಹೆಸರು ಎಂಬುದು ಜನಜನಿತ ವಿವರಣೆ. ಸಂಶೋಧಕ ಜಾನ್ ವ್ಲಾಕ್ ಈ ವಿನ್ಯಾಸದ ಬೇರನ್ನು ಹೈಟಿಯಲ್ಲಿ, ಅದಕ್ಕೂ ಹಿಂದೆ ಪಶ್ಚಿಮ ಆಫ್ರಿಕದಲ್ಲಿ ಗುರುತಿಸಿದರು. ಟೆಕ್ಸಸ್ ಸದರ್ನ್ ವಿಶ್ವವಿದ್ಯಾಲಯದಲ್ಲಿ ಕಲಾವಿಭಾಗ ಕಟ್ಟಿದ ಜಾನ್ ಬಿಗರ್ಸ್ ಬಡತನದ ಗುರುತೆನಿಸಿದ್ದ ಈ ಮನೆಗಳನ್ನು ಘನತೆಯಿಂದ ಚಿತ್ರಿಸಿದ್ದರು. ಕೆಡವುವುದಕ್ಕಿಂತ ರಿಪೇರಿ ಮಾಡುವುದೇ ಸರಿ ಎಂಬ ನಿಲುವಿಗೆ ಅವರ ಚಿತ್ರಗಳೇ ಬಲ ಕೊಟ್ಟವು.

ರಿಪೇರಿಗೆ ಸ್ವಯಂಸೇವಕರು ಕೈಹಾಕಿದರು. ಕೆಲವು ಮನೆಗಳು ಕಲಾವಿದರ ಪ್ರದರ್ಶನಕ್ಕೆ ಸಂದವು. ಇನ್ನು ಕೆಲವಕ್ಕೆ ಓದು ಮುಂದುವರಿಸುತ್ತಿದ್ದ ಒಂಟಿ ತಾಯಂದಿರು ಮಕ್ಕಳೊಡನೆ ಬಂದರು. ಕಲೆಯ ಹೆಸರಿನ ಇತರ ಬಡಾವಣೆ ಯೋಜನೆಗಳಿಗಿಂತ ಇದು ಬೇರೆಯಾಗುವುದು ಇಲ್ಲಿಯೇ.

ನಂತರದ ವಿವಾದ ನೆಲದ್ದು. ಥರ್ಡ್ ವಾರ್ಡ್ ನಗರಕೇಂದ್ರಕ್ಕೆ ಹತ್ತಿರ. ಬೆಲೆ ಏರಿತು, ಸಾಲುಮನೆಗಳ ನೆರೆಯಲ್ಲೇ ಹೊಸ ಟೌನ್‌ಹೌಸ್‌ಗಳು ಎದ್ದವು. ಕಲೆಯಿಂದ ಬಂದ ಹೆಸರೂ ಬೆಲೆ ಏರಿಸಿತೆಂದು ಟೀಕಾಕಾರರು ಹೇಳುತ್ತಾರೆ. ಕಡಿಮೆ ಬಾಡಿಗೆಯ ಮನೆ ಕಟ್ಟಲು 2003ರಲ್ಲಿ ಪ್ರತ್ಯೇಕ ಸಂಸ್ಥೆಯೇ ಬೇಕಾದದ್ದನ್ನು ನೋಡಿದರೆ, ಬರೀ ಕಲೆಯಿಂದ ಹಳೆಯ ನಿವಾಸಿಗಳು ಉಳಿಯುವುದಿಲ್ಲವೆಂಬುದು ನಡೆಸುವವರಿಗೂ ತಿಳಿದಿತ್ತೆನ್ನಬಹುದು. 2018ರಲ್ಲಿ ಲೋ ಸಂಸ್ಥೆಯ ಹೊಣೆಯಿಂದ ಹಿಂದೆ ಸರಿದರು. ಸಂಸ್ಥೆಗೆ ದಾನವಾಗಿ ಬಂದ, 1939ರ ಎಲ್ಡೊರಾಡೋ ಬಾಲ್‌ರೂಮ್ ಎಂಬ ಸಂಗೀತ ಸಭಾಂಗಣ ದುರಸ್ತಿಯಾಗಿ 2023ರಲ್ಲಿ ಮತ್ತೆ ತೆರೆಯಿತು.